ಮೇಜು ಕೊಳ್ಳುವ ಮುಂಚೆ ಕೆಳಗೆ ಬಗ್ಗಿ ನೋಡು

ನೋಡು ಮಗಳೇ, ಕೆಂಗೇರಿಯ ಹೊಸ ಫ್ಲಾಟಿಗೆ ಊಟದ ಮೇಜು ಬೇಕು. ನೂರು ವರ್ಷದ ಆಂಟಿಕ್ ತರಲೋ, ವಿಂಟೇಜ್ ಎಂದು ಮಾರುವುದನ್ನು ತರಲೋ, ಶೋರೂಮಿನ ಹೊಸದನ್ನೇ ತರಲೋ ಎಂದು ಕೇಳಿದ್ದೀಯ. ನಿನಗೆ ಹಳೆಯದರ ಆಸೆ, ಅಳಿಯಂದಿರಿಗೆ ಹೊಸದರ ಕಡೆ ಮನಸ್ಸು ಎಂದು ನಿಮ್ಮಪ್ಪ ಹೇಳಿದ. ಮರಗೆಲಸ ಮಾಡುತ್ತ, ಹುಡುಗರಿಗೆ ಅದನ್ನೇ ಕಲಿಸುತ್ತ ವಯಸ್ಸಾದವನು ನಾನು. ನಿಮ್ಮಿಬ್ಬರಲ್ಲಿ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. ಮೇಜಿನ ವಯಸ್ಸೆಷ್ಟು ಎನ್ನುವುದು ಎರಡನೆಯ ಪ್ರಶ್ನೆಯಾಗಲಿ. ಮೊದಲನೆಯದು ಇದು: ನಾಳೆ ಇದರ ಕಾಲು ಅಲ್ಲಾಡಿದರೆ, ಹಲಗೆ ಬಿರುಕು ಬಿಟ್ಟರೆ, ಪಾಲಿಶ್ ಹೋದರೆ, ನಮ್ಮ ಬೀದಿಯ ಆಚಾರ್ರು ಇದನ್ನು ಬಿಚ್ಚಿ, ಸರಿಮಾಡಿ, ಮತ್ತೆ ಜೋಡಿಸಬಲ್ಲರೇ? ಜೋಡಿಸಬಲ್ಲರು ಎಂದಾದರೆ ಅದಕ್ಕೆ ಇಪ್ಪತ್ತು ವರ್ಷವಾಗಿರಲಿ, ನೂರಿಪ್ಪತ್ತಾಗಿರಲಿ, ಧೈರ್ಯವಾಗಿ ಮನೆಯೊಳಗೆ ಬಿಟ್ಟುಕೊಳ್ಳಿ. ಆಗುವುದಿಲ್ಲ ಎಂದಾದರೆ ಎಷ್ಟು ಚೆಂದವಿದ್ದರೂ ಅದರ ಮೇಲೆ ದೊಡ್ಡ ದುಡ್ಡು ಹಾಕಬೇಡಿ.

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಟೇಪು ಹಿಡಿಯಿರಿ. ಒಬ್ಬರು ಮೊಣಕೈ ತಾಗದಂತೆ ಕೂತು ಉಣ್ಣಲು ಎರಡು ಅಡಿ ಅಗಲ ಬೇಕು. ಕುರ್ಚಿ ಎಳೆದು ಎದ್ದು ಹೋಗಲು ಹಿಂದೆ ಮೂರು ಅಡಿ ಇರಬೇಕು. ಮೇಜಿನ ಎತ್ತರ ಮೂವತ್ತು ಇಂಚು, ಕುರ್ಚಿಯ ಸೀಟು ಹದಿನೆಂಟು ಇಂಚು. ನಡುವೆ ಇರುವ ಹನ್ನೆರಡು ಇಂಚಿನಲ್ಲಿ ಹಲಗೆಯ ದಪ್ಪವೂ, ಕೆಳಗಿನ ಅಡ್ಡಪಟ್ಟಿಯೂ, ನಿಮ್ಮ ತೊಡೆಯೂ ಹೊಂದಬೇಕು. ಆರು ಜನ ಕೂರುವ ಐದು ಅಡಿಗೆ ಮೂರು ಅಡಿಯ ಮೇಜು ಶೋರೂಮಿನ ವಿಶಾಲ ಜಾಗದಲ್ಲಿ ಚಿಕ್ಕದಾಗಿ ಕಾಣುತ್ತದೆ. ನಿಮ್ಮ ಅಡುಗೆಮನೆಗೂ ಹಾಲಿಗೂ ನಡುವಿನ ಎಂಟು ಅಡಿಯಲ್ಲಿ ಅದನ್ನು ಉದ್ದಕ್ಕಿಟ್ಟು ಎರಡು ತುದಿಗೂ ಕುರ್ಚಿ ಹಾಕಿದರೆ ಬಾಲ್ಕನಿಗೆ ಹೋಗುವ ದಾರಿಯೇ ಇರುವುದಿಲ್ಲ. ಇಬ್ಬರೇ ಇದ್ದೀರಿ, ಅತ್ತೆ ಮಾವ ಬಂದರೆ ನಾಲ್ವರು. ನಾಲ್ಕು ಅಡಿಗೆ ಎರಡೂವರೆ ಅಡಿ ಸಾಕು, ಒಂದು ಬದಿ ಗೋಡೆಗೆ ಒತ್ತಿಡಬಹುದು. ಲಿಫ್ಟಿನ ಬಾಗಿಲನ್ನೂ, ಮೆಟ್ಟಿಲು ತಿರುಗುವ ಜಾಗವನ್ನೂ ಅಳೆದುಕೊಳ್ಳಿ. ರಾಜಾಜಿನಗರದ ಇಪ್ಪತ್ತು-ಮೂವತ್ತರ ಸೈಟುಗಳಲ್ಲಿ ಮೇಲೆ ಮೇಲೆ ಕಟ್ಟಿಕೊಂಡ ಮನೆಗಳ ಕಡಿದಾದ ಮೆಟ್ಟಿಲಲ್ಲಿ ಒಳ್ಳೊಳ್ಳೆಯ ಮೇಜುಗಳು ಸಿಕ್ಕಿಹಾಕಿಕೊಂಡು, ಕೊನೆಗೆ ಹಗ್ಗ ಕಟ್ಟಿ ಹೊರಗಿನಿಂದ ಎಳೆದದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಈಗ ನಿನ್ನ ಆಸೆಯ ಆಂಟಿಕ್ ವಿಷಯಕ್ಕೆ ಬರೋಣ. ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೋ. ನಮ್ಮ ಕಡೆಯ ಸಾಮಾನ್ಯ ಮನೆಗಳಲ್ಲಿ ನೂರು ವರ್ಷದ ಹಿಂದೆ ಊಟದ ಮೇಜು ಇರಲಿಲ್ಲ. ನೆಲದ ಮೇಲೆ ಸಾಲಾಗಿ ಮಣೆ, ಮುಂದೆ ಬಾಳೆ ಎಲೆ ಅಥವಾ ಮುತ್ತುಗದ ಎಲೆ. ಊಟವಾದ ಮೇಲೆ ಎಲೆ ಎತ್ತಿ ನೆಲ ಸಾರಿಸಿದರೆ ಅದೇ ಜಾಗ ಮಲಗುವ ಕೋಣೆ, ಮಕ್ಕಳು ಓದುವ ಕೋಣೆ. ಮೇಜಿನ ಹತ್ತಿರದ ನೆಂಟ ಎಂದರೆ ಶಾನುಭೋಗರ ಮನೆಯಲ್ಲೋ ಮಂಡಿ ಅಂಗಡಿಯಲ್ಲೋ ಇರುತ್ತಿದ್ದ ಗಿಡ್ಡ ಡೆಸ್ಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಲೆಕ್ಕ ಬರೆಯಲು ಇಳಿಜಾರು ಮುಚ್ಚಳ, ಒಳಗೆ ಕಡತ, ಮಸಿಕುಡಿಕೆ. ಅಂಥದ್ದು ಎಲ್ಲಾದರೂ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೋ, ಅದು ನಿಜವಾಗಿ ನಮ್ಮದು, ಫ್ಲಾಟಿನಲ್ಲಿ ಎಲ್ಲಿ ಬೇಕಾದರೂ ಕೂರುತ್ತದೆ. ಆದರೆ ‘ಹಳೇ ಮೈಸೂರಿನ ಮನೆತನದ ಊಟದ ಮೇಜು’ ಎಂದು ಯಾರಾದರೂ ದೊಡ್ಡ ಬೆಲೆ ಹೇಳಿದರೆ ನಿಧಾನಿಸು. ಅಷ್ಟು ಹಳೆಯ ಊಟದ ಮೇಜುಗಳು ಬಹುಪಾಲು ದಂಡಿನ ಬಂಗಲೆಗಳಿಂದ, ಕ್ಲಬ್ಬುಗಳಿಂದ, ಕೊಡಗು-ಚಿಕ್ಕಮಗಳೂರಿನ ತೋಟದ ಬಂಗಲೆಗಳಿಂದ ಬಂದವು. ಇಲ್ಲವೇ ತಮಿಳುನಾಡಿನ ಕಾರೈಕುಡಿಯ ಹಳೇ ಸಾಮಾನಿನ ಬೀದಿಯಿಂದ ಲಾರಿ ಹತ್ತಿದವು. ಅದರಲ್ಲಿ ತಪ್ಪೇನೂ ಇಲ್ಲ. ಮರಕ್ಕೆ, ಕೆಲಸಕ್ಕೆ ದುಡ್ಡು ಕೊಡು. ಕಥೆಗೆ ಕೊಡಬೇಡ.

ವಯಸ್ಸು ನಿಜವೋ ಸುಳ್ಳೋ ಎಂದು ತಿಳಿಯಲು ಮೇಲಿನ ಹೊಳಪು ನೋಡಿದರೆ ಆಗದು. ಟಾರ್ಚು ಹಿಡಿದು ಕೆಳಗೆ ಬಗ್ಗಬೇಕು. ಕೈಗರಗಸದಿಂದ ಕೊಯ್ದ ಹಲಗೆಯ ತಳದಲ್ಲಿ ನೇರವಾದ, ಆದರೆ ಒಂದೇ ಸಮನಿಲ್ಲದ ಗೀರುಗಳಿರುತ್ತವೆ. ಮಿಲ್ಲಿನ ದುಂಡು ಗರಗಸದ ಗುರುತು ಕಮಾನಿನಂತೆ ಬಾಗಿರುತ್ತದೆ. ತಲೆಯಲ್ಲಿ ನಕ್ಷತ್ರದಂಥ ಅಡ್ಡ-ಉದ್ದ ಸೀಳಿರುವ ಸ್ಕ್ರೂ ಚಾಲ್ತಿಗೆ ಬಂದದ್ದು 1930ರ ದಶಕದ ನಡುವೆ, ಅಮೆರಿಕದಲ್ಲಿ. ನೂರೈವತ್ತು ವರ್ಷದ್ದು ಎನ್ನುವ ಮೇಜಿನ ಎಲ್ಲ ಸೇರುವೆಗಳಲ್ಲೂ ಅಂಥ ಸ್ಕ್ರೂ ಇದ್ದರೆ ಒಂದೋ ಅದು ಅಷ್ಟು ಹಳೆಯದಲ್ಲ, ಇಲ್ಲವೇ ಪೂರ್ತಿ ಬಿಚ್ಚಿ ಕಟ್ಟಿದ್ದು. ದುಂಡುಮೇಜಾದರೆ ಇನ್ನೂ ಸುಲಭದ ಪರೀಕ್ಷೆಯಿದೆ. ಮರ ಒಣಗುವಾಗ ಎಳೆಯ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಹೆಚ್ಚು. ಹಾಗಾಗಿ ಹಳೆಯ ದುಂಡುಮೇಜು ಪೂರ್ತಿ ದುಂಡಾಗಿ ಉಳಿದಿರುವುದಿಲ್ಲ. ಎಳೆಯ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಅಳೆದು ನೋಡು, ಅಡ್ಡಳತೆ ಕಾಲಿಂಚೋ ಅರ್ಧ ಇಂಚೋ ಕಡಿಮೆ ಬಂದರೆ ಆ ಮರ ಎಷ್ಟೋ ಬೇಸಿಗೆ ಕಂಡಿದೆ ಎಂದು ನಂಬಬಹುದು. ಬೀಟೆ ಎಂದು ಬೆಲೆ ಹೇಳಿದವರು ಬಣ್ಣ ಬಳಿದ ಬೇರೆ ಮರ ಕೊಟ್ಟಿರಬಹುದೆಂಬ ಅನುಮಾನ ಬಂದರೆ ಎತ್ತಿ ನೋಡು. ಒಣಗಿದ ತೇಗ ಘನ ಅಡಿಗೆ ಸುಮಾರು 18 ಕೆಜಿ ತೂಗಿದರೆ ಬೀಟೆ ಸುಮಾರು 24 ತೂಗುತ್ತದೆ. ಬೆಲೆ ತೀರಾ ದೊಡ್ಡದಾದರೆ ಮಲ್ಲೇಶ್ವರದ 18ನೇ ಕ್ರಾಸಿನಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರಿಗೆ ಚೂರು ಮರ ಕೊಟ್ಟು ಯಾವ ಜಾತಿಯೆಂದು ಕೇಳುವುದೇ ಒಳ್ಳೆಯದು. ಮರದ ಜಾತಿ ಗುರುತಿಸುವುದು ಅವರ ದಿನನಿತ್ಯದ ಕೆಲಸ.

ಕಾನೂನಿನ ಮಾತೂ ಇದೆ, ಅಳಿಯಂದಿರು ಕಂಪನಿಯಿಂದ ಹೊರದೇಶಕ್ಕೆ ಹೋಗುವ ಯೋಚನೆಯಲ್ಲಿರುವುದರಿಂದ ಹೇಳುತ್ತಿದ್ದೇನೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕುಶಲಕೆಲಸದ ವಸ್ತು ಪುರಾವಸ್ತುವಾಗುತ್ತದೆ, ಖಾಸಗಿಯವರು ಅದನ್ನು ದೇಶದಾಚೆ ಒಯ್ಯುವಂತಿಲ್ಲ. ಬೀಟೆಯಾದರೆ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಬೇರೆ ಅನುಮತಿಯೂ ಬೇಕು. ಮೈಸೂರಿನ ಬೀಟೆ ಕೆತ್ತನೆಯ ಹಳೇ ಟೀಪಾಯಿಗಳಲ್ಲಿ ಬಿಳಿ ಆನೆ, ಬಿಳಿ ಹೂವು ಕೂರಿಸಿರುತ್ತಾರಲ್ಲ, ಅದು ದಂತವಾಗಿದ್ದರೆ ದುಡ್ಡು ಕೊಟ್ಟು ಕೊಳ್ಳುವುದೂ ಮಾರುವುದೂ ಅಪರಾಧ. ಈಗ ಕುಸುರಿಯವರು ದಂತದ ಬದಲು ಪ್ಲಾಸ್ಟಿಕ್ಕನ್ನೂ ಬೇರೆ ಬೇರೆ ಬಣ್ಣದ ಮರಗಳನ್ನೂ ಬಳಸುತ್ತಾರೆ. ಆ ಕೆಲಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಹೊಸದನ್ನೇ ಕೊಂಡರೆ ಕೆಲಸಗಾರನ ಕೈಗೆ ನಾಲ್ಕು ಕಾಸು ಸೇರುತ್ತದೆ.

ಕರಾವಳಿಯಿಂದ ಹಳೇ ಮೇಜು ತರಿಸುವವರಿಗೆ ಇನ್ನೊಂದು ಎಚ್ಚರಿಕೆ. ಮಂಗಳೂರು, ಕಾಸರಗೋಡಿನ ತೇವದ ಗಾಳಿಯಲ್ಲಿ ಎಷ್ಟೋ ದಶಕ ನೆಮ್ಮದಿಯಾಗಿದ್ದ ಹಲಗೆ ಬೆಂಗಳೂರಿನ ಮಾಘ-ಫಾಲ್ಗುಣದ ಒಣಗಾಳಿಗೆ ಬಂದರೆ ಕುಗ್ಗಿ ಬಿರಿಯುತ್ತದೆ. ಅಂಥದ್ದನ್ನು ಮಳೆಗಾಲದಲ್ಲೇ ತರಿಸಿ, ಫ್ಯಾನಿನ ಕೆಳಗಾಗಲಿ ಬಿಸಿಲು ಬೀಳುವ ಕಿಟಕಿಯ ಪಕ್ಕವಾಗಲಿ ಇಡದೆ, ನಿಧಾನವಾಗಿ ಒಗ್ಗಲು ಬಿಡಬೇಕು. ಬಿರುಕು ಬಿಟ್ಟರೂ ಗಾಬರಿಯಾಗಬೇಡ. ಅದೇ ಮರದ ಸೀಳು ತುಂಬಿ ಕೂಡಿಸಿದರೆ ಸರಿಹೋಗುತ್ತದೆ. ಹಳೆಯ ಮೇಜಿನ ದೊಡ್ಡ ಗುಣವೇ ಅದು, ಅದರ ಕಾಯಿಲೆಗಳಿಗೆಲ್ಲ ಮದ್ದು ಗೊತ್ತಿದೆ.

ಆದರೂ ಮಗಳೇ, ನಿಜವಾಗಿ ನಾನು ಹೇಳಬೇಕೆಂದಿರುವುದು ನಡುಗಾಲದ ಮೇಜಿನ ಬಗ್ಗೆ. ವಿಂಟೇಜ್ ಎಂದು ಇಂದಿರಾನಗರದ ಅಂಗಡಿಗಳಲ್ಲಿ ದೀಪ ಹಾಕಿ ನಿಲ್ಲಿಸಿರುವುದನ್ನು ನೋಡಿ ಬಂದಿದ್ದೀಯಲ್ಲ, ಅದರ ಒಡಹುಟ್ಟಿದವು ನಮ್ಮ ಪಶ್ಚಿಮದ ಬಡಾವಣೆಗಳ ತಾರಸಿಯ ಶೀಟಿನ ಕೆಳಗೆ, ಮೆಟ್ಟಿಲ ಅಡಿಯಲ್ಲಿ, ಕಾರ್ ಶೆಡ್ಡಿನಲ್ಲಿ ಬಿದ್ದಿವೆ. ಕಾರಣ ಕೇಳು. ಊರಿನ ಬಡಾವಣೆಗಳನ್ನು ಕಟ್ಟಲೆಂದು 1945ರಲ್ಲಿ ಹುಟ್ಟಿದ ಸಿಐಟಿಬಿ, 1976ರಲ್ಲಿ ಅದರ ಜಾಗಕ್ಕೆ ಬಂದ ಬಿಡಿಎ, ಇವುಗಳ ಕಾಲದಲ್ಲಿ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಒಂದೊಂದಾಗಿ ಎದ್ದವು. ಕಾರ್ಖಾನೆಯವರು, ಗಿರಣಿಯವರು, ಮೇಷ್ಟ್ರುಗಳು, ಸರ್ಕಾರಿ ಗುಮಾಸ್ತರು ಸಾಲ ಮಾಡಿ ಸೈಟು ಕೊಂಡು ಮನೆ ಕಟ್ಟಿದರು. ಆಗ ಬಾಗಿಲು ಕಿಟಕಿ ರೆಡಿಮೇಡ್ ಬರುತ್ತಿರಲಿಲ್ಲ. ಮರ ತಂದು ಹಾಕಿ, ಆಚಾರ್ರನ್ನು ಕರೆಸಿ, ಕಟ್ಟುತ್ತಿರುವ ಮನೆಯಲ್ಲೇ ತಿಂಗಳುಗಟ್ಟಲೆ ಕೆಲಸ ಮಾಡಿಸುತ್ತಿದ್ದರು. ಮುಂಬಾಗಿಲಿನ ಚೌಕಟ್ಟಿಗೆ ತಂದ ತೇಗದಲ್ಲಿ, ಕಿಟಕಿಗೆ ತಂದ ಹೊನ್ನೆ, ಮತ್ತಿಯಲ್ಲಿ ಉಳಿದ ತುಂಡುಗಳಿಂದ ಗೃಹಪ್ರವೇಶದೊಳಗೆ ಒಂದು ಮೇಜು, ಎರಡು ಸ್ಟೂಲು ಎದ್ದು ನಿಲ್ಲುತ್ತಿದ್ದವು. ಆ ಮೇಜಿಗೆ ಚಿತ್ತಾರವಿಲ್ಲ. ನಾಲ್ಕು ನೇರ ಕಾಲು, ಸುತ್ತ ಪಟ್ಟಿ, ಮೇಲೆ ಮೂರೋ ನಾಲ್ಕೋ ಹಲಗೆ ಕೂಡಿಸಿದ ಮೈ. ಒಂದು ತುಂಡಿನ ನಾಲಿಗೆ ಇನ್ನೊಂದರ ತೂತಿನೊಳಗೆ ಬಿಗಿಯಾಗಿ ಕೂತು, ಅಡ್ಡಲಾಗಿ ಬಿದಿರಿನ ಗೂಟ ಹೊಡೆದಿರುತ್ತದೆ. ಅದರ ಮೇಲೆ ಮಕ್ಕಳು ಎಸ್ಸೆಸ್ಸೆಲ್ಸಿ ಓದಿದರು, ಹೊಲಿಗೆ ಯಂತ್ರ ಕೂತಿತು, ಇಸ್ತ್ರಿ ನಡೆಯಿತು, ಅಜ್ಜ ಅಜ್ಜಿಗೆ ಮಂಡಿ ನೋವು ಬಂದು ನೆಲಕ್ಕೆ ಕೂರಲಾಗದ ದಿನ ಅದೇ ಊಟದ ಮೇಜಾಯಿತು.

ಈಗ ಆ ಮನೆಗಳು ಒಂದಾದ ಮೇಲೊಂದು ಕೆಳಗಿಳಿಯುತ್ತಿವೆ. ಅಣ್ಣತಮ್ಮಂದಿರಿಗೆ ಪಾಲಾಗುತ್ತದೆ, ನಾಲ್ಕು ಅಂತಸ್ತು ಏಳುತ್ತದೆ. ಮನೆ ಒಡೆಯುವವರು ಬಾಗಿಲು, ಕಿಟಕಿ, ಕಬ್ಬಿಣವನ್ನು ಲೆಕ್ಕ ಹಾಕಿ ತೆಗೆದುಕೊಂಡು ಹೋಗುತ್ತಾರೆ, ಮೇಜು ಮಾತ್ರ ಗುಜರಿ ಗಾಡಿಯವನ ಪಾಲು. ಐವತ್ತು ವರ್ಷ ಒಣಗಿದ ತೇಗ, ಇನ್ನು ಸುಲಭಕ್ಕೆ ಬಾಗದ, ಬಿರಿಯದ ಮರ, ಸೌದೆಯ ಬೆಲೆಗೆ ಹೋಗುತ್ತಿದೆ. ನನಗೆ ಇದು ಸಂಕಟ. ಇಂಥದ್ದೇ ದೊಡ್ಡ ಮಟ್ಟದಲ್ಲಿ ಚಂಡೀಗಢದಲ್ಲಿ ಆಗಿದೆ. 1950ರ ದಶಕದಲ್ಲಿ ಆ ಊರು ಕಟ್ಟುವಾಗ ವಾಸ್ತುಶಿಲ್ಪಿ ಪಿಯರ್ ಜನರೆ ಮತ್ತು ಸಂಗಡಿಗರು ಸರ್ಕಾರಿ ಕಚೇರಿಗಳಿಗೆಂದು ತೇಗದ ಸರಳ ಮೇಜು ಕುರ್ಚಿಗಳನ್ನು ರೂಪಿಸಿದರು. ಮುರಿದವೆಂದು ಅವನ್ನು ಗುಜರಿಗೆ ಹಾಕಲಾಯಿತು. ಹೊರದೇಶದ ವ್ಯಾಪಾರಿಗಳು ಆರಿಸಿಕೊಂಡು ಹೋಗಿ ದುರಸ್ತಿ ಮಾಡಿಸಿ ಯುರೋಪು, ಅಮೆರಿಕದ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹ ಇಲಾಖೆ ಮಾರಾಟಕ್ಕೆ ತಡೆ ಹಾಕುವ ಹೊತ್ತಿಗೆ ಬೇಕಾದಷ್ಟು ಹೋಗಿಯಾಗಿತ್ತು. ನಮ್ಮ ರಾಜಾಜಿನಗರದ ಮೇಜಿಗೆ ಹರಾಜಿನಲ್ಲಿ ಲಕ್ಷ ಬರುವುದಿಲ್ಲ, ಬರುವುದೂ ಬೇಡ. ಇನ್ನೂ ಐವತ್ತು ವರ್ಷ ಅದರ ಮೇಲೆ ಯಾರಾದರೂ ಉಂಡರೆ ಸಾಕು.

ಹುಡುಕುವುದು ಹೇಗೆ? ಮೊದಲು ನೆಂಟರನ್ನು ಕೇಳು. ಚಿಕ್ಕಮ್ಮ, ಸೋದರತ್ತೆ, ಅಪ್ಪನ ಸ್ನೇಹಿತರು, ಯಾರ ಮನೆ ಒಡೆಯುವ ಮಾತುಕತೆಯಲ್ಲಿದೆ ಎಂದು ವಿಚಾರಿಸು. ‘ಆ ಮೇಜು ಏನು ಮಾಡ್ತೀರತ್ತೆ’ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಬಹಳ ಜನಕ್ಕೆ ಅದನ್ನು ಎಲ್ಲಿ ಹಾಕುವುದೆಂಬುದೇ ಚಿಂತೆ. ಆದರೆ ಬಿಟ್ಟಿ ತರಬೇಡ. ತಾಂಬೂಲದ ಜೊತೆ ಒಂದು ಗೌರವದ ಮೊತ್ತ ಇಡು. ಅದಾದ ಮೇಲೆ ಗುಜರಿ ಅಂಗಡಿ, ಚಿಕ್ಕಪೇಟೆ ಸುತ್ತಿನ ಭಾನುವಾರದ ಬಜಾರು, ಶಿವಾಜಿನಗರದ ಹಳೇ ಪೀಠೋಪಕರಣದ ಸಾಲು. ಅಲ್ಲಿ ಸಿಗುವ ಕಚೇರಿ ಮೇಜುಗಳ ಮರ ಗಟ್ಟಿ, ಆದರೆ ಎರಡೂ ಬದಿಗೆ ಡ್ರಾಯರ್ ಇರುವುದರಿಂದ ಊಟಕ್ಕೆ ನಾಲ್ವರು ಕೂರಲು ಮಂಡಿಗೆ ಜಾಗವಿಲ್ಲ. ಬರೆಯುವ ಕೆಲಸಕ್ಕಾದರೆ ಸರಿ.

ಸಿಕ್ಕ ಮೇಲೆ ಪರೀಕ್ಷೆ ಹೀಗೆ. ಒಂದು ಮೂಲೆಯನ್ನು ಎತ್ತಿ ಬಿಡು; ಇಡೀ ಮೇಜು ಒಟ್ಟಿಗೆ ಏಳಬೇಕು. ಕಾಲು ಅಲ್ಲಾಡಿದರೆ ಅದು ದೊಡ್ಡ ರೋಗವಲ್ಲ, ಗೂಟ ತೆಗೆದು, ಹಳೇ ಅಂಟು ಕೆರೆದು, ಹೊಸದು ಹಾಕಿ ಕಟ್ಟಿದರೆ ಮುಗಿಯಿತು. ಸೂಜಿಯ ತೂತುಗಳಿದ್ದು, ತಟ್ಟಿದಾಗ ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆಹುಳು ಇನ್ನೂ ಜೀವಂತ ಇದೆ. ಅದು ಮರದ ಹೊರಗಿನ ಬಿಳಿಭಾಗವನ್ನು ತಿನ್ನುತ್ತದೆ, ತೇಗದ ಕೆಚ್ಚಿನ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ತೂತು ಪಟ್ಟಿಯಲ್ಲಿ ಮಾತ್ರ ಇದ್ದರೆ ಆ ಪಟ್ಟಿ ಬದಲಿಸಿ, ಔಷಧಿ ಹೊಡೆಸಿ, ಆಮೇಲೆಯೇ ಮನೆಯೊಳಗೆ ತರಬೇಕು. ಗೆದ್ದಲು ಕಾಲಿನ ತುದಿಯಿಂದ ಏರಿರುತ್ತದೆ. ಚಾಕುವಿನ ಮೊನೆಯಿಂದ ಕಾಲಿನ ಬುಡ ಚುಚ್ಚಿ ನೋಡು, ಮೊನೆ ಸಲೀಸಾಗಿ ಇಳಿದರೆ ಒಳಗೆ ಟೊಳ್ಳು. ಎರಡಿಂಚು ಕೊಯ್ದು ಅದೇ ಜಾತಿಯ ಮರ ಕೂಡಿಸಬಹುದು. ಮೇಲೆ ಸನ್‌ಮೈಕಾ ಅಂಟಿಸಿದ್ದಾರೆಂದು ಬಿಟ್ಟು ಬರಬೇಡ. ಎಪ್ಪತ್ತು-ಎಂಬತ್ತರ ದಶಕದಲ್ಲಿ ಹೊಸತನಕ್ಕೆಂದು ಅಪ್ಪಟ ತೇಗದ ಮೇಲೆ ಹಸಿರು, ಕೆಂಪು ಸನ್‌ಮೈಕಾ ಹೊದಿಸಿದವರು ಎಷ್ಟೋ ಜನ. ಅಂಚು ನೋಡು, ತಳ ನೋಡು. ಒಳಗೆ ಹಲಗೆಯಿದ್ದರೆ ಬಿಸಿ ಮಾಡಿ ಎಬ್ಬಿಸಿ, ಕೀಸುಳಿ ಹಾಕಿ, ಉಪ್ಪುಕಾಗದ ಉಜ್ಜಿದರೆ ಚಿನ್ನದ ಬಣ್ಣ ಮತ್ತೆ ಹೊರಬರುತ್ತದೆ.

ಹೊಸ ಮೇಜುಗಳ ಬಗ್ಗೆ ಅಳಿಯಂದಿರಿಗೆ ಹೇಳುವುದಿದೆ. ಹೊಸದು ಎಂದರೆ ಒಂದೇ ಜಾತಿಯಲ್ಲ. ಇಡೀ ಮರದ್ದೆಂದರೆ ಈಗ ಸಾಮಾನ್ಯವಾಗಿ ರಬ್ಬರ್ ಮರ, ಶೀಷಂ, ಮಾವು, ಅಕೇಶಿಯಾ. ರಬ್ಬರ್ ಮರವನ್ನು ಕೀಳಾಗಿ ಕಾಣಬೇಡಿ. ಹಾಲು ಬತ್ತಿದ ಮರವನ್ನು ಉರಿಸುವ ಬದಲು ಮೇಜು ಮಾಡುವುದು ಒಳ್ಳೆಯ ಕೆಲಸ. ಆದರೆ ಹಸಿಯಿರುವಾಗಲೇ ಬೋರಾನಿನ ಉಪ್ಪು ಕುಡಿಸಿ ಒಣಗಿಸಿರದಿದ್ದರೆ ಹುಳು ಬೇಗ ಬೀಳುತ್ತದೆ. ಆ ಸಂಸ್ಕಾರ ಆಗಿದೆಯೇ ಎಂದು ಕೇಳಿ. ಪ್ಲೈವುಡ್ ಆದರೆ ಐಎಸ್ 303 ಸಾಮಾನ್ಯ ಬಳಕೆಗೆ, ಐಎಸ್ 710 ನೀರು ತಡೆಯುವುದಕ್ಕೆ, ಹಲಗೆಯ ಮೇಲೆ ಐಎಸ್‌ಐ ಗುರುತು ಅಚ್ಚಾಗಿರುತ್ತದೆ. ಪ್ಲೈವುಡ್ಡನ್ನು ಅಭ್ಯಾಸ ಮಾಡುವುದಕ್ಕೆಂದೇ 1962ರಲ್ಲಿ ಶುರುವಾದ ಸಂಶೋಧನಾ ಸಂಸ್ಥೆ ನಮ್ಮ ತುಮಕೂರು ರಸ್ತೆಯಲ್ಲೇ ಇದೆ. ಒಳ್ಳೆಯ ಪ್ಲೈವುಡ್ ಮೇಜನ್ನು ಆಚಾರ್ರು ದುರಸ್ತಿ ಮಾಡಬಲ್ಲರು. ಪಾರ್ಟಿಕಲ್ ಬೋರ್ಡು ಮತ್ತು ಎಂಡಿಎಫ್ ಕಥೆ ಬೇರೆ. ಮರದ ಪುಡಿಯನ್ನು, ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ಅದು. ಒಮ್ಮೆ ಸ್ಕ್ರೂ ಕಿತ್ತುಬಂದರೆ ಅದೇ ತೂತಿನಲ್ಲಿ ಮತ್ತೆ ಹಿಡಿಯುವುದಿಲ್ಲ, ನೀರು ಕುಡಿದು ಉಬ್ಬಿದರೆ ಇಳಿಯುವುದಿಲ್ಲ. ನಾವು ದಿನಾ ಬಕೆಟ್ ನೀರಿನಲ್ಲಿ ನೆಲ ಒರೆಸುವ ಜನ. ಮೇಜಿನ ಮೇಲೆ ಚೆಲ್ಲಿದ ಸಾರಿಗಿಂತ ಹೆಚ್ಚಾಗಿ ಕಾಲಿನ ಬುಡಕ್ಕೆ ದಿನಾ ತಾಗುವ ಒದ್ದೆ ಬಟ್ಟೆ ಇವುಗಳನ್ನು ಕೆಡಿಸುತ್ತದೆ. ಅಂಥ ಮೇಜು ತಂದರೆ ಕಾಲಿಗೆ ನೈಲಾನ್ ಬುಷ್ ಹಾಕಿಸಿ. ಅಂಟಿನ ಘಾಟು ಮೂಗಿಗೆ ಬಡಿದರೆ ಘಾಟು ಕಡಿಮೆಯಿರುವ ಇ1 ಅಥವಾ ಇ0 ದರ್ಜೆಯದೇ ಎಂದು ಕೇಳಿ, ಮುಂದೆ ಮಗು ಬರುವ ಮನೆ.

ರಾಜಾಜಿನಗರದಲ್ಲಿ ಮೆಟ್ರೋ ಹತ್ತಿದರೆ ಹಸಿರು ಮಾರ್ಗದಲ್ಲಿ ನೇರ ನಾಗಸಂದ್ರ, ಅಲ್ಲಿ 2022ರ ಜೂನಿನಿಂದ ಐಕಿಯಾ ಇದೆ. ಒಂದು ರಜಾದಿನ ಇಬ್ಬರೂ ಹೋಗಿ ಬನ್ನಿ, ಕೊಳ್ಳದಿದ್ದರೂ ಪರವಾಗಿಲ್ಲ. ಮಡಚಿದರೆ ಗೋಡೆಗೆ ಒರಗುವ ಮೇಜು, ಎಳೆದರೆ ಉದ್ದವಾಗುವ ಮೇಜು, ಚಿಕ್ಕ ಮನೆಗೆ ಬೇಕಾದ ಜಾಣತನ ಅಲ್ಲಿ ಕಲಿಯಲು ಸಿಗುತ್ತದೆ. ವಿಜಯನಗರದಲ್ಲಿ ಬಾಡಿಗೆಗಿರುವ ನಿನ್ನ ಗೆಳತಿಗೆ ನಾನು ಅಂಥದ್ದನ್ನೇ ಹೇಳುತ್ತೇನೆ. ಹನ್ನೊಂದು ತಿಂಗಳ ಕರಾರಿನಲ್ಲಿ ಮನೆಯಿಂದ ಮನೆಗೆ ಹೋಗುವವರಿಗೆ ಬಿಚ್ಚಿ ಕಟ್ಟುವ ಹಗುರ ಮೇಜೇ ಸರಿ, ನಲವತ್ತು ಕೆಜಿಯ ತೇಗವನ್ನು ಅವರ ಬೆನ್ನಿಗೆ ಹಾಕುವುದು ತಪ್ಪು.

ಹೊಸದಾಗಿ ಮಾಡಿಸುವ ದಾರಿಯನ್ನು ಈಗಿನವರು ಯೋಚಿಸುವುದೇ ಇಲ್ಲ, ನನಗೆ ಅದು ಬಹಳ ಪ್ರಿಯ. ಕೆಂಗೇರಿಯಿಂದ ನೀವು ಪೇಟೆಗೆ ಬರುವ ಮೈಸೂರು ರಸ್ತೆಯಲ್ಲೇ ಟಿಂಬರ್ ಯಾರ್ಡ್ ಲೇಔಟ್ ಇದೆ. ಉದಾಹರಣೆಗೆ ಐದು ಅಡಿ-ಮೂರು ಅಡಿಯ ಮೇಜಿಗೆ ಎಷ್ಟು ಮರ ಬೇಕೆಂದು ನೀವೇ ಲೆಕ್ಕ ಹಾಕಿಕೊಂಡು ಹೋಗಿ: ಒಂದಿಂಚು ದಪ್ಪದ ಹಲಗೆಗೆ ಒಂದೂಕಾಲು ಘನ ಅಡಿ, ಮೂರಿಂಚು ಚೌಕದ ನಾಲ್ಕು ಕಾಲಿಗೆ ಅರ್ಧಕ್ಕಿಂತ ತುಸು ಹೆಚ್ಚು, ಸುತ್ತಿನ ಪಟ್ಟಿಗೆ ಅರ್ಧಕ್ಕೆ ತುಸು ಕಡಿಮೆ. ಕೊಯ್ದು ಕೀಸಿ ಹೋಗುವುದನ್ನೂ ಸೇರಿಸಿ ಮೂರು ಘನ ಅಡಿ, ಅಲ್ಲಿಯವರ ಮಾತಿನಲ್ಲಿ ಮೂರು ಸಿಎಫ್‌ಟಿ. ಈ ಲೆಕ್ಕ ಬಾಯಲ್ಲಿದ್ದರೆ ಐದು ಸಿಎಫ್‌ಟಿ ಬೇಕೆಂದು ಯಾರೂ ನಿಮಗೆ ಹೇಳಲಾರರು. ಯಾವ ದೇಶದ ತೇಗ, ಎಷ್ಟು ಒಣಗಿದೆ ಎಂದು ಕೇಳಿ. ಈಗ ಆಫ್ರಿಕಾದ, ದಕ್ಷಿಣ ಅಮೆರಿಕದ ತೋಪುಗಳ ತೇಗವೂ ಬರುತ್ತದೆ, ಬೇಗ ಬೆಳೆದದ್ದರಲ್ಲಿ ಬಿಳಿಭಾಗ ಜಾಸ್ತಿ. ಹಲಗೆಯನ್ನು ಪಟ್ಟಿಗೆ ಬಿಗಿಯಾಗಿ ಮೊಳೆ ಹೊಡೆದು ಅಂಟಿಸಬಾರದು, ಮಳೆಗಾಲಕ್ಕೆ ಅಗಲವಾಗಿ ಬೇಸಿಗೆಗೆ ಕುಗ್ಗಲು ಸಂದು ಬಿಟ್ಟು ಕೂರಿಸಿ ಎಂದು ಆಚಾರ್ರಿಗೆ ಮೊದಲೇ ಹೇಳಿ, ತಿಳಿದವರಾದರೆ ಅವರೇ ಹಾಗೆ ಮಾಡಿರುತ್ತಾರೆ. ಅಷ್ಟು ಖರ್ಚು ಬೇಡವೆನಿಸಿದರೆ ಕಾಮಾಕ್ಷಿಪಾಳ್ಯದ ಯಾವುದಾದರೂ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಕಬ್ಬಿಣದ ಚೌಕ ಪೈಪಿನ ಕಾಲು ಬೆಸುಗೆ ಹಾಕಿಸಿ, ಮೇಲೆ ಹಳೇ ಬಾಗಿಲಿನ ಹಲಗೆ ಕೂರಿಸಿದರೂ ಗಟ್ಟಿಯಾದ, ಬಿಚ್ಚಬಹುದಾದ ಮೇಜಾಗುತ್ತದೆ.

ಮೇಲ್ಮೈ ಬಗ್ಗೆ ಮರೆಯುವ ಮುಂಚೆ ಹೇಳಿಬಿಡುತ್ತೇನೆ. ನೋಡಲು ಅರಗಿನ ಫ್ರೆಂಚ್ ಪಾಲಿಶಿಗಿಂತ ಚೆಂದದ್ದಿಲ್ಲ, ಆದರೆ ಬಿಸಿ ಕುಕ್ಕರ್ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಬರೆಯುವ ಮೇಜಿಗೆ ಅದಿರಲಿ. ಉಣ್ಣುವ ಮೇಜಿಗೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಪಾಲಿಶ್ ಹಾಕಿಸು. ಹಳೇ ಹೋಟೆಲುಗಳಿಂದ ಬಂದ ಅಮೃತಶಿಲೆಯ ಹಲಗೆಯ ಮೇಜು ನಿನ್ನ ಕಣ್ಣಿಗೆ ಬಿದ್ದಿದೆ ಎಂದೆಯಲ್ಲ, ಕಾಫಿ ತಿಂಡಿಗೆ ಅದು ಸೊಗಸು, ಆದರೆ ನಿಂಬೆಹುಳಿ, ಹುಣಸೆರಸ ಆ ಕಲ್ಲನ್ನು ತಿನ್ನುತ್ತದೆ. ದಿನಾ ಹುಳಿಸಾರು ಉಣ್ಣುವ ಮನೆಗೆ ಗ್ರಾನೈಟೇ ವಾಸಿ. ನಾಲ್ಕು-ಎರಡೂವರೆ ಅಡಿಯ ಗ್ರಾನೈಟ್ ಹಲಗೆ ಸುಮಾರು 45 ಕೆಜಿ ತೂಗುತ್ತದೆ, ಕಾಲು ಅದನ್ನು ಹೊರುವಂತಿರಬೇಕು. ನಿನ್ನ ಅತ್ತೆಗೆ ಮುಸುರೆಯ ಮಡಿ ಇದೆ, ಉಂಡ ಮೇಜಿನ ಮೇಲೆ ಪುಸ್ತಕ ಇಡುವುದು ಅವರಿಗೆ ಒಗ್ಗುವುದಿಲ್ಲ. ಆ ಮಾತನ್ನು ಹಳೇ ಕಾಲದ್ದೆಂದು ತಳ್ಳಬೇಡ. ಲ್ಯಾಪ್‌ಟಾಪಿಗೆ ಬೇರೆ ಪುಟ್ಟ ಮೇಜು ಹಾಕಿಕೊಂಡರೆ ಅವರಿಗೂ ಸಮಾಧಾನ, ಕೀಲಿಮಣೆಗೆ ಸಾರು ಚೆಲ್ಲುವುದೂ ತಪ್ಪುತ್ತದೆ.

ನಿಮ್ಮ ಮನೆಗೆ ಯಾವುದು ಎಂದು ಕೇಳಿದರೆ, ನಡುಗಾಲದ್ದೇ. ನಾಲ್ಕು ಅಡಿಯದೊಂದು ಸಿಗುವವರೆಗೆ ಕಾಯಿರಿ, ಅಲ್ಲಿಯವರೆಗೆ ನೆಲದ ಮೇಲೆ ಎಲೆ ಹಾಕಿಕೊಂಡು ಉಣ್ಣಿ, ಇಬ್ಬರಿಗೂ ಮಂಡಿ ಗಟ್ಟಿಯಿದೆ. ಬಸವೇಶ್ವರನಗರದಲ್ಲಿ ನಮ್ಮ ಪರಿಚಯದವರ ಮನೆ ಸದ್ಯದಲ್ಲೇ ಒಡೆಯುತ್ತಾರೆ, ತಾರಸಿಯಲ್ಲಿ ಸನ್‌ಮೈಕಾ ಹೊದ್ದ ಮೇಜೊಂದನ್ನು ನೋಡಿದ ನೆನಪು. ಬರುವ ಭಾನುವಾರ ಬೆಳಿಗ್ಗೆ ತಿಂಡಿಗೆ ಇಬ್ಬರೂ ಇಲ್ಲಿಗೇ ಬಂದುಬಿಡಿ, ಒಟ್ಟಿಗೆ ಹೋಗಿ ನೋಡೋಣ. ಟೇಪು, ಟಾರ್ಚು, ಒಂದು ಚಾಕು ತೆಗೆದುಕೊಂಡು ಬಾ. ಅಳಿಯಂದಿರಿಗೆ ಹಳೇ ಪ್ಯಾಂಟು ಹಾಕಿಕೊಳ್ಳಲು ಹೇಳು, ಕೆಳಗೆ ಮಲಗಿ ನೋಡುವ ಕೆಲಸ ಅವರದು.